ಸಹಾಯ ಬೇಕು: ಮನೆಯಲ್ಲೇ ಮಾಡಿದ ಪೆಡಲ್‌ಬೋರ್ಡ್‌ನಲ್ಲಿ ಕುಂಯ್ ಅನ್ನೋ ಸದ್ದು

ಎಲ್ಲರಿಗೂ ನಮಸ್ಕಾರ. ಗಿಟಾರ್ ಸದ್ದು ಬದಲಿಸೋ ಪೆಡಲ್‌ಗಳನ್ನ ಜೋಡಿಸಿಡೋ ಹಲಗೆ ನಾನೇ ಮಾಡಿದೆ: 12 ಎಂಎಂ ಪ್ಲೈವುಡ್, ಅಡಿಗೆ ಅಲ್ಯೂಮಿನಿಯಂ ಆ್ಯಂಗಲ್, ಮೇಲೆ ವೆಲ್ಕ್ರೋ. ಬೋರ್ಡ್ ಗಟ್ಟಿಮುಟ್ಟಾಗಿದೆ, ತೊಂದರೆ ಇರೋದು ಪವರ್‌ನಲ್ಲಿ.

ಗಿಟಾರ್‌ನಿಂದ ಟ್ಯೂನರ್, ಓವರ್‌ಡ್ರೈವ್ (ಸದ್ದನ್ನ ಒರಟು ಮಾಡೋದು), ಕೋರಸ್, ಕೊನೆಗೆ ಡಿಜಿಟಲ್ ಡಿಲೇ (ಪ್ರತಿಧ್ವನಿ ಕೊಡೋದು). ನಾಲ್ಕಕ್ಕೂ ಒಂದೇ 9 ವೋಲ್ಟ್ 2 ಆಂಪಿಯರ್ ಅಡಾಪ್ಟರ್, ಡೈಸಿ ಚೈನ್ (ಒಂದೇ ವೈರಿನಿಂದ ಎಲ್ಲಕ್ಕೂ ಸಾಲಾಗಿ ಪವರ್), ಸೆಂಟರ್ ನೆಗೆಟಿವ್ (ಪ್ಲಗ್‌ನ ನಡುಭಾಗ ಮೈನಸ್). ಓವರ್‌ಡ್ರೈವ್ ಆನ್ ಮಾಡಿ ಗೇನ್ ಏರಿಸಿದ್ರೆ ಸಾಕು, ಕಿವಿ ಹತ್ರ ಸೊಳ್ಳೆ ಬಂದ ಹಾಗೆ ಸಣ್ಣಗೆ ಕುಂಯ್ ಅನ್ನುತ್ತೆ. ಡಿಲೇಯ ಪವರ್ ಪ್ಲಗ್ ಕಿತ್ತರೆ ಸದ್ದು ಮಾಯ.

ಪ್ಯಾಚ್ ಕೇಬಲ್, ಅಡಾಪ್ಟರ್ ಎರಡೂ ಬದಲಾಯಿಸಿ ನೋಡಿದೆ, ಅದೇ ಕಥೆ. ಓವರ್‌ಡ್ರೈವ್‌ನ ಪವರ್ ಲೈನಿಗೆ 100 ಓಮ್ಸ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಗುಂಯ್‌ಗುಡೋದು ತಗ್ಗಿತು, ಕುಂಯ್ ಹೋಗಲಿಲ್ಲ. ಓವರ್‌ಡ್ರೈವ್‌ಗೆ ಬ್ಯಾಟರಿ ಹಾಕಿದ್ರೆ ಪೂರ್ತಿ ನಿಶ್ಶಬ್ದ. ಅಂದ್ರೆ ಡಿಲೇಯ ಕ್ಲಾಕ್ ನಾಯ್ಸ್ (ಒಳಗಿನ ಡಿಜಿಟಲ್ ಚಿಪ್‌ನ ಸದ್ದು) ಹಂಚಿಕೊಂಡ ಗ್ರೌಂಡ್ ಮೂಲಕವೇ ಬರ್ತಿದೆ, ಇದರಲ್ಲಿ ನನಗೆ ಅನುಮಾನ ಇಲ್ಲ.

ಪೂರ್ತಿ ಐಸೊಲೇಟೆಡ್ ಸಪ್ಲೈ (ಪ್ರತಿ ಪೆಡಲ್‌ಗೂ ಗ್ರೌಂಡ್ ಬೇರೆ ಇರೋದು) ಬಜೆಟ್‌ಗೆ ಮೀರಿದ್ದು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬಿ0909ಎಸ್ ಐಸೊಲೇಟೆಡ್ ಮಾಡ್ಯೂಲ್ (9 ವೋಲ್ಟ್ ತಗೊಂಡು ಬೇರೆ ಗ್ರೌಂಡ್‌ನಲ್ಲಿ 9 ವೋಲ್ಟ್ ಕೊಡೋದು) ಸಿಗುತ್ತೆ. ಗೊಂದಲ ಇಲ್ಲೇ: ಡಿಲೇ ಮೇಲೆ 200 ಮಿಲಿಆಂಪಿಯರ್ ಅಂತ ಬರೆದಿದೆ, 2 ವ್ಯಾಟ್ ಮಾಡ್ಯೂಲ್ ಕೊಡೋದು ಸುಮಾರು 222. ತೀರಾ ಅಂಚಿನಲ್ಲಿದೆ, ಬಿಸಿ ಆಗುತ್ತೆ. ಓವರ್‌ಡ್ರೈವ್ ಎಳೆಯೋದು ಬರೀ 10 ಮಿಲಿಆಂಪಿಯರ್. ಅದಕ್ಕೆ 1 ವ್ಯಾಟ್‌ನದು ಹಾಕೋಣ ಅಂದ್ರೆ, ಈ ಮಾಡ್ಯೂಲ್‌ಗಳಲ್ಲಿ ರೆಗ್ಯುಲೇಷನ್ ಇಲ್ಲ, ಲೋಡ್ ಕಮ್ಮಿ ಆದ್ರೆ ವೋಲ್ಟೇಜ್ 9 ದಾಟುತ್ತೆ.

ಓವರ್‌ಡ್ರೈವ್‌ಗೆ 1 ವ್ಯಾಟ್ ಮಾಡ್ಯೂಲ್ ಹಾಕಿ, ಔಟ್‌ಪುಟ್‌ಗೆ ಅಡ್ಡಲಾಗಿ 1 ಕಿಲೋಓಮ್ ಡಮ್ಮಿ ಲೋಡ್ ಕೊಟ್ಟರೆ ಸಾಕಾ? ಮಾಡ್ಯೂಲ್‌ನ ಸ್ವಿಚಿಂಗ್ ಸದ್ದು ತಡೆಯೋಕೆ ಇಂಡಕ್ಟರ್ ಎಷ್ಟರದ್ದು ಹಾಕಬೇಕು? ಮಾಡಿ ನೋಡಿದವರು ದಯವಿಟ್ಟು ಇಂಡಕ್ಟರ್ ಮೌಲ್ಯ ತಿಳಿಸಿ, ಮೈಕ್ರೋಹೆನ್ರಿಯಲ್ಲಿ.