ಉಪ್ಪಿನ ಸಾಬೂನು ಬೆವರುತ್ತಿದೆ, ಎಸೆಯಬೇಕೇ?

ಪ್ರಶ್ನೆ (ಕಡಿಯಾಳಿ, ಉಡುಪಿ)

ಜೂನ್ ಮೊದಲ ವಾರ ಮನೆಯಲ್ಲೇ ಉಪ್ಪಿನ ಸಾಬೂನು ಮಾಡಿದೆ. ಗಾಣದ ತೆಂಗಿನೆಣ್ಣೆ 500 ಗ್ರಾಂ, ಕಾಸ್ಟಿಕ್ ಸೋಡಾ 73 ಗ್ರಾಂ, ನೀರು 150 ಗ್ರಾಂ, ಮಿಕ್ಸಿಯಲ್ಲಿ ಪುಡಿ ಮಾಡಿದ ಸಾಣಿಕಟ್ಟಾ ಉಪ್ಪು (ಗೋಕರ್ಣದ ಬಳಿಯ ಉಪ್ಪಿನ ಗದ್ದೆಯದು) 400 ಗ್ರಾಂ. ಮರುದಿನ ಬೆಳಿಗ್ಗೆ ಕತ್ತರಿಸಲು ಹೋದರೆ ಚಾಕು ಇಳಿಯಲೇ ಇಲ್ಲ. ಬಲವಾಗಿ ಒತ್ತಿದಾಗ ಅಂಚುಗಳು ಹಳೆಯ ಗೋಡೆಯ ಗಾರೆಯಂತೆ ಉದುರಿದವು. ಉಳಿದ ಆರು ತುಂಡುಗಳನ್ನು ಗೆರಸೆಯಲ್ಲಿ ಹರಡಿ ಒಳಕೋಣೆಯಲ್ಲಿಟ್ಟೆ. ಐದು ವಾರವಾಯಿತು. ಪ್ರತಿದಿನ ಬೆಳಿಗ್ಗೆ ತುಂಡುಗಳ ಮೈತುಂಬ ಹನಿ, ಗೆರಸೆಯ ತಳ ಒದ್ದೆ. ಒಂದು ಹನಿಯನ್ನು ಅರಸಿನದ ಮೇಲೆ ಬಿಟ್ಟೆ, ಕೆಂಪಾಯಿತು. ಕಾಸ್ಟಿಕ್ ಹೊರಗೆ ಬರುತ್ತಿದೆಯೇ? ಎಂಟು ವರ್ಷದ ಮಗಳು ಈ ಸಾಬೂನಿಗಾಗಿ ಕಾಯುತ್ತಿದ್ದಾಳೆ. ಅವಳ ಮೈಗೆ ಮುಟ್ಟಿಸಲು ಧೈರ್ಯ ಬರುತ್ತಿಲ್ಲ.

ಉತ್ತರ (ಕಟಪಾಡಿ)

ಎಸೆಯಬೇಡಿ ತಂಗಿ. 500 ಗ್ರಾಂ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 91 ಗ್ರಾಂ ಕಾಸ್ಟಿಕ್ ಬೇಕು. ನೀವು ಹಾಕಿದ್ದು 73. ಐದರಲ್ಲೊಂದು ಪಾಲು ಎಣ್ಣೆ ಎಣ್ಣೆಯಾಗಿಯೇ ಉಳಿದಿದೆ, ಅದು ಉಳಿಯಲೇಬೇಕು. ಇಲ್ಲದಿದ್ದರೆ ತೆಂಗಿನೆಣ್ಣೆಯ ಸಾಬೂನು ಚರ್ಮವನ್ನು ಒಣಗಿಸಿಬಿಡುತ್ತದೆ. ಹಾಗೆಂದು ಬೇರೆ ಎಣ್ಣೆಗೆ ಹೋಗಬೇಡಿ. ಇಷ್ಟು ಉಪ್ಪಿನ ನಡುವೆಯೂ ಚೆನ್ನಾಗಿ ನೊರೆ ಕೊಡುವುದು ಇದೇ.

ಒಳ್ಳೆಯ ಸಾಬೂನಿಗೂ ಅರಸಿನ ಕೆಂಪಾಗುತ್ತದೆ, ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಒದ್ದೆ ಬೆರಳನ್ನು ಸಾಬೂನಿಗೆ ಉಜ್ಜಿ ನಾಲಗೆಯ ತುದಿಗೆ ಒಮ್ಮೆ ತಾಗಿಸಿ. ಕಾಸ್ಟಿಕ್ ಉಳಿದಿದ್ದರೆ ವಿದ್ಯುತ್ ಹೊಡೆದಂತೆ ಚುರುಕ್ಕೆನ್ನುತ್ತದೆ. ಕೂಡಲೇ ಬಾಯಿ ತೊಳೆದುಕೊಳ್ಳಿ.

ಹನಿಯ ವಿಷಯಕ್ಕೆ ನನ್ನ ಅಜ್ಜಿಯ ಉಪ್ಪಿನ ಮರಿಗೆಯೇ ಸಾಕ್ಷಿ. ಜೋರು ಮಳೆಯ ಆಟಿ ತಿಂಗಳಲ್ಲಿ ಅದರ ಕೆಳಗೊಂದು ತಟ್ಟೆ ಇಡುತ್ತಿದ್ದರು, ಸಂಜೆಯೊಳಗೆ ಅರ್ಧ ತಟ್ಟೆ ಉಪ್ಪುನೀರು. ಗದ್ದೆಯ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಶುದ್ಧ ಉಪ್ಪು ಕೂಡ ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ನೀರಾಗತೊಡಗುತ್ತದೆ. ನಮ್ಮ ಕರಾವಳಿಯ ಜುಲೈನಲ್ಲಿ ಅದು ದಾಟದ ದಿನವಿದೆಯೇ? ಹಾಗಾಗಿ ನಾನು ಉಪ್ಪಿನ ಸಾಬೂನನ್ನು ನವೆಂಬರ್ ಕಳೆದ ಮೇಲೆಯೇ ಮಾಡುತ್ತೇನೆ, ಸಾಮಾನ್ಯ ಪುಡಿಯುಪ್ಪು ಹಾಕಿ. ಆರು ವಾರಕ್ಕೆ ಬಳಸಬಹುದು. ಆದರೆ ನಾಲ್ಕು ತಿಂಗಳು ಕಾದ ತುಂಡಿನ ನೊರೆ ಹಾಲಿನ ಕೆನೆಯಂತೆ ಇರುತ್ತದೆ. ಅದನ್ನು ಕಂಡ ಮೇಲೆ ನನಗೆ ಅವಸರ ಹೋಗಿದೆ.

ಕತ್ತರಿಸಲು ಮರುದಿನದವರೆಗೆ ಕಾಯಬಾರದು. ಎರಡು ಮೂರು ಗಂಟೆಯಲ್ಲಿ, ಇನ್ನೂ ಬಿಸಿಯಿರುವಾಗಲೇ ಚಾಕು ಹಾಕಿ. ಸಣ್ಣ ಸಿಲಿಕೋನ್ ಅಚ್ಚುಗಳಿದ್ದರೆ ಆ ಚಿಂತೆಯೇ ಇಲ್ಲ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡವೇ ಬೇಡ, ಕಾಸ್ಟಿಕ್ ಅದನ್ನು ತಿನ್ನುತ್ತದೆ.

ಉತ್ತರ (ಮೂಲ್ಕಿ)

ಒಲೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿಯ ಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಮಳೆಗಾಲದಲ್ಲೂ ಅಲ್ಲಿ ಏನೂ ತೇವವಾಗುವುದಿಲ್ಲ.

ಉತ್ತರ (ಕಟಪಾಡಿ)

ಬೆವರು ನಿಲ್ಲುತ್ತದೆ ಅಣ್ಣ, ಆದರೆ ಹೊಗೆಯ ವಾಸನೆ ಸಾಬೂನಿನೊಳಗೆ ಇಳಿಯುತ್ತದೆ. ನಾನು ಇಟ್ಟಿದ್ದೆ, ಸ್ನಾನ ಮಾಡಿ ಬಂದವರ ಮೈಯಲ್ಲೆಲ್ಲ ಒಲೆಯ ವಾಸನೆ. ತಂಗಿ, ಬಟ್ಟೆಯಿಂದ ಒರೆಸಿ ಫ್ಯಾನಿನ ಕೆಳಗಿಡಿ. ಮೈ ಒಣಗಿದ ಗಳಿಗೆಯಲ್ಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಮಳೆ ಬಿಟ್ಟ ಮೇಲೆ ಮತ್ತೆ ಗಾಳಿಗೆ ತೆಗೆಯಿರಿ.

ಪ್ರಶ್ನೆ ಕೇಳಿದವರು

ನಾಲಗೆಗೆ ತಾಗಿಸಿದೆ ಅಕ್ಕ. ಚುರುಕ್ಕೆನ್ನಲಿಲ್ಲ, ಬರೀ ಉಪ್ಪು. ಆರೂ ತುಂಡುಗಳು ಈಗ ಡಬ್ಬಿಯಲ್ಲಿವೆ. ಚೌತಿ ಕಳೆದ ಮೇಲೆ ತೆಗೆಯೋಣವೆಂದು ಮಗಳಿಗೆ ಹೇಳಿದ್ದೇನೆ, ಮುಚ್ಚಳದ ಮೇಲೆ ಅವಳೇ ತಾರೀಖು ಬರೆದಿದ್ದಾಳೆ.