ಸುದ್ದಿ ಓದುವ ಆಸೆ: ಬೆಂಗಳೂರಿನ ಕೋರ್ಸಾ, ಬಳ್ಳಾರಿಯ ಎಂ.ಎ.ನಾ?

ಗಂಗಾವತಿ ಹುಡುಗಿ: ನಮಸ್ಕಾರ. ಬಿ.ಎ. ಮುಗಿಯಿತು. ರೇಡಿಯೊ ಇಲ್ಲವೇ ಟಿವಿಯಲ್ಲಿ ಸುದ್ದಿ ಓದಬೇಕು ಅಂತ ಆಸೆ. ಬೆಂಗಳೂರಲ್ಲಿ ಆರು ತಿಂಗಳ ಆ್ಯಂಕರಿಂಗ್ ಕೋರ್ಸ್ ಮಾಡಲಾ, ಬಳ್ಳಾರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಎಂ.ಎ. ಸೇರಲಾ? ಸದ್ಯಕ್ಕೆ ದಿನಾ ಬೆಳಗ್ಗೆ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಪೇಪರ್ ಜೋರಾಗಿ ಓದುತ್ತೇನೆ. ಆ ಸದ್ದಿಗೆ ನನ್ನ ಓದೂ ತಾಳ ಹಿಡಿದುಬಿಡುತ್ತದೆ. ಮನೆಯಲ್ಲಿ ಇನ್ನೇನು ತಯಾರಿ ಮಾಡಲಿ?

ಮಾನ್ವಿ ಅಕ್ಕ: ಕೋರ್ಸ್ ಅಂದ ಕೂಡಲೇ ಹೊಟ್ಟೆ ಉರಿಯಿತು ತಂಗಿ. 2019ರಲ್ಲಿ ಫೀಸು 65,000. ಪಿಜಿಗೆ ತಿಂಗಳಿಗೆ 6,500, ಅದರಲ್ಲಿ ರಾತ್ರಿ ಬರೀ ಅನ್ನ ಸಾರು. ಶೋರೀಲ್, ಅಂದರೆ ಚಾನೆಲ್‌ಗಳಿಗೆ ತೋರಿಸುವ ನಮೂನೆ ವಿಡಿಯೊ, ತೆಗೆಯುವ ದಿನ ಬ್ಲೇಜರ್ ಬಾಡಿಗೆ 400, ಮೇಕಪ್ 800. ಬ್ಲೇಜರ್ ದೊಡ್ಡದಾಯಿತು ಅಂತ ಬೆನ್ನಿಗೆ ಆರು ಕ್ಲಿಪ್ ಹಾಕಿ ಬಿಗಿ ಮಾಡಿದರು. ಮುಂದಿನಿಂದ ನೋಡಿದರೆ ಆ್ಯಂಕರ್, ಹಿಂದಿನಿಂದ ನೋಡಿದರೆ ಬಟ್ಟೆ ಒಣಗಿಸುವ ತಂತಿ. ಓದುವ ಸಾಲು ಕಣ್ಣೆದುರು ತೋರಿಸುವ ಟೆಲಿಪ್ರಾಂಪ್ಟರ್ ಅಂತ ಇದ್ದದ್ದು ಸ್ಟೂಲ್ ಮೇಲಿಟ್ಟ ಲ್ಯಾಪ್‌ಟಾಪ್. ಕೊನೆಗೆ ನನಗೆ ಹೇಳಿದ್ದು, "ನಿಮ್ಮ ಕನ್ನಡ ಜಗಳ ಆಡಿದ ಹಾಗಿದೆ" ಅಂತ. ‘ಹಾಸನ’ಕ್ಕೆ ‘ಆಸನ’ ಅನ್ನುವ ಹುಡುಗನಿಗೆ ಕೆಲಸ ಸಿಕ್ಕಿತು. ನಾನು ಈಗ ಊರಲ್ಲಿ ಫೈನಾನ್ಸ್ ಆಫೀಸಿನಲ್ಲಿದ್ದೇನೆ. ಫೀಸಿಗೆ ಮಾಡಿದ ಸಾಲ ಹೋದ ವರ್ಷ ತೀರಿತು.

ಕುರುಗೋಡು ಡೆಸ್ಕ್: ಅಕ್ಕಾ, ಎಷ್ಟು ದಿನ ಅಂತ ಆ ಹುಡುಗನನ್ನೇ ಬೈತೀರಿ? ನಾನು ಎಂ.ಎ. ಮಾಡಿದವನು. ಎರಡು ವರ್ಷ ಬಸ್ ಪಾಸಿನಲ್ಲೇ ಬಳ್ಳಾರಿಗೆ ಓಡಾಡಿದೆ. ಇಂಟರ್‌ವ್ಯೂಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು ಸಲ ಹೋದೆ, ಎರಡು ಸಲ ಜನರಲ್ ಬೋಗಿಯಲ್ಲಿ ಇಡೀ ರಾತ್ರಿ ನಿಂತುಕೊಂಡೇ. ಈಗ ಚಾನೆಲ್ಲಿನ ಡೆಸ್ಕಿನಲ್ಲಿ, ಅಂದರೆ ಸುದ್ದಿ ಬರೆದು ತಿದ್ದುವ ಕಡೆ, ಇದ್ದೇನೆ. ಆ್ಯಂಕರ್ ಬಾಯಲ್ಲಿ ಬರುವ ಸಾಲು ನಾವು ಬರೆದದ್ದೇ. ನಿಮಗಂತೂ ಶಕ್ತಿ ಯೋಜನೆಯಲ್ಲಿ ಬಸ್ಸೂ ಫ್ರೀ.

ಮಾನ್ವಿ ಅಕ್ಕ: ಬಸ್ ಫ್ರೀ, ಸೀಟ್ ಯಾರು ಕೊಡ್ತಾರೆ? ಮುಖ ತೋರಿಸದ ಕೆಲಸಕ್ಕೆ ಇಷ್ಟು ಜಂಬ ಬೇಡ ತಮ್ಮ.

ಶಕ್ತಿನಗರ ರೇಡಿಯೊ: ಎಲ್ಲರೂ ಟಿವಿ ಟಿವಿ ಅಂತೀರಿ. ‘ಆಕಾಶವಾಣಿ’ ಅನ್ನುವ ಹೆಸರು ಹುಟ್ಟಿದ್ದೇ ನಮ್ಮ ಮೈಸೂರಲ್ಲಿ, 1930ರ ದಶಕದಲ್ಲಿ. ನಾನು ರೇಡಿಯೊದಲ್ಲಿ ಕ್ಯಾಶುವಲ್ ಉದ್ಘೋಷಕ. ಮೊದಲ ವಾಯ್ಸ್ ಟೆಸ್ಟ್‌ನಲ್ಲಿ ಫೇಲ್. ‘ಫಲಿತಾಂಶ’ದ ‘ಫ’ವನ್ನು ‘ಫ್ಯಾನ್’ ಅಂದ ಹಾಗೆ ಅಂದುಬಿಟ್ಟೆ. ಹಲ್ಲು ತುಟಿಗೆ ತಾಗಬಾರದು, ‘ಪ’ಕ್ಕೇ ಉಸಿರು ಕೂಡಬೇಕು. ಅದೊಂದು ಅಕ್ಷರಕ್ಕೆ ಒಂದು ಬೇಸಿಗೆ ಹೋಯಿತು. ಮೇ ತಿಂಗಳ ರಾಯಚೂರು ಬಿಸಿಲು ಗೊತ್ತಲ್ಲ. ಫ್ಯಾನ್ ಸದ್ದು ರೆಕಾರ್ಡ್ ಆಗುತ್ತೆ ಅಂತ ಫ್ಯಾನ್ ಆಫ್. ಗೋಡೆಯಿಂದ ದನಿ ವಾಪಸ್ ಬರಬಾರದು ಅಂತ ತಲೆ ಮೇಲೆ ಕೌದಿ. ಒಳಗೆ ನಾನು, ಮೊಬೈಲು, ಒಂದು ಪೇಪರು. ಬೆವರು ಬಿದ್ದು ಪೇಪರ್ ಹರಿಯುತ್ತಿತ್ತು. ಎರಡನೇ ಸಲ ಪಾಸಾದೆ. ತಿಂಗಳಿಗೆ ಆರು ಡ್ಯೂಟಿ, ಅಷ್ಟೇ. ಉಳಿದ ದಿನ ಟ್ಯೂಷನ್ ಹೇಳುತ್ತೇನೆ.

ಮುನಿರಾಬಾದ್ ಸ್ಟ್ರಿಂಗರ್: ಆರು ಡ್ಯೂಟಿಗೆ ಒಂದು ಬೇಸಿಗೆ! 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಕೌದಿ ಹೊದ್ದು ಮಲಗಿದ್ದಿರಾ? ನಾನು ಮಧ್ಯರಾತ್ರಿಯಿಂದ ಅಲ್ಲೇ. ನೀರಿನ ಸದ್ದಿಗೆ ಸ್ಟುಡಿಯೊದವರ ಪ್ರಶ್ನೆ ಕೇಳುತ್ತಿರಲಿಲ್ಲ, ಅಂದಾಜಿನ ಮೇಲೆ ಉತ್ತರ ಕೊಟ್ಟೆ. ಹೋದ ಗೇಟಿನ ಜಾಗಕ್ಕೆ ಸ್ಟಾಪ್ ಲಾಗ್ ಅನ್ನುವ ತಾತ್ಕಾಲಿಕ ತಡೆ ಕೂರಿಸುವ ತನಕ ಪೆಟ್ರೋಲ್ 2,300, ಪವರ್ ಬ್ಯಾಂಕ್ 1,100, ನೀರು ಸಿಡಿದು ಕೆಟ್ಟ ಕಾಲರ್ ಮೈಕ್ 950. ಸ್ಟ್ರಿಂಗರ್ ಅಂದರೆ ಸಂಬಳ ಇಲ್ಲ, ಸ್ಟೋರಿ ಲೆಕ್ಕದ ದುಡ್ಡು; ಅದು ಬಂದದ್ದು ಐದು ತಿಂಗಳ ಮೇಲೆ, ಅದೂ ಎರಡು ಸ್ಟೋರಿ ಕಡಿಮೆ. ಡೆಸ್ಕ್ ಸಾಹೇಬರು ಕೇಳಿಸಿಕೊಳ್ಳಿ.

ಕುರುಗೋಡು ಡೆಸ್ಕ್: ನಾನು ನಿಮ್ಮ ಚಾನೆಲ್ ಅಲ್ಲ ಮಾರಾಯ್ರೆ. ನೀವು ಕಳಿಸುವ ವಿಡಿಯೊ ಅಡ್ಡ ಹಿಡಿದು ತೆಗೆಯಿರಿ ಅಂತ ಎಷ್ಟು ಸಲ ಹೇಳೋದು?

ಮುನಿರಾಬಾದ್ ಸ್ಟ್ರಿಂಗರ್: ನಿಮ್ಮ ಚಾನೆಲ್ ಅಲ್ಲ ಅಂದಮೇಲೆ ನನ್ನ ವಿಡಿಯೊ ಎಲ್ಲಿ ನೋಡಿದಿರಿ?

ಮಾನ್ವಿ ಅಕ್ಕ: 🤣

ಶಕ್ತಿನಗರ ರೇಡಿಯೊ: ಕೌದಿ ಬಗ್ಗೆ ಮಾತು ಬೇಡ. ಗೇಟ್ ಹೋದಾಗ ನಿಮ್ಮವರು ಡ್ಯಾಮೇ ಒಡೆಯಿತು ಅನ್ನುವ ಹಾಗೆ ಕೂಗಿ ಹೊಳೆ ದಂಡೆಯ ಜನರನ್ನು ಹೆದರಿಸಿದ್ದರು. ನಮ್ಮಲ್ಲಿ ಎಷ್ಟು ಕ್ಯೂಸೆಕ್ಸ್ ನೀರು ಹೊರಗೆ ಹೋಗುತ್ತಿದೆ ಅಂತ ಮೊದಲು ಹೇಳ್ತೀವಿ.

ಮುನಿರಾಬಾದ್ ಸ್ಟ್ರಿಂಗರ್: ಕೂಗಿದ್ದು ಸ್ಟುಡಿಯೊದವರು, ನಾನಲ್ಲ. ಅದಕ್ಕೂ ಬೈಗುಳ ನಮಗೇ.

ಮಾನ್ವಿ ಅಕ್ಕ: 2023ರಲ್ಲೇ ಕನ್ನಡ ಚಾನೆಲ್ಲೊಂದು ಎಐ ನಿರೂಪಕಿಯನ್ನು ಕೂರಿಸಿತು. ಅವಳಿಗೆ ಪಿಜಿ ಬಾಡಿಗೆ ಇಲ್ಲ, ಬ್ಲೇಜರ್ ಬಾಡಿಗೆಯೂ ಇಲ್ಲ. ಅದಿರಲಿ, ಕೇಳಿದ ಹುಡುಗಿ ಎಲ್ಲಿ?

ಗಂಗಾವತಿ ಹುಡುಗಿ: ಇಲ್ಲೇ ಇದ್ದೀನಿ ಅಕ್ಕ, ಕೌದಿಯೊಳಗೆ. ‘ಫಲಿತಾಂಶ’ ಹತ್ತು ಸಲ ರೆಕಾರ್ಡ್ ಮಾಡಿದೆ, ಎಂಟು ಸಲ ಫ್ಯಾನೇ ಬಂತು. ಅವ್ವ ಜ್ವರ ಬಂತೇನು ಅಂತ ಹಣೆ ಮುಟ್ಟಿ ಹೋದಳು. ಎಂ.ಎ. ಫೀಸು ಎಷ್ಟಾಗುತ್ತೆ ಅಂತ ಯಾರಾದರೂ ಹೇಳ್ತೀರಾ?

ಕುರುಗೋಡು ಡೆಸ್ಕ್: ಹೇಳ್ತೀನಿ ತಂಗಿ, ಮೊದಲು ಈ ಅಡ್ಡ ವಿಡಿಯೊ ವಿಷಯ ಮುಗಿಸಿಬಿಡ್ತೀನಿ.