ಹೊಕ್ಕುಳಬಳ್ಳಿ ರಕ್ತ: ದಾನ ಕೊಡಬೇಕಾ, ನಮಗೇ ಇಟ್ಟುಕೊಳ್ಳಬೇಕಾ?

ಪ್ರಶ್ನೆ: ನನಗೀಗ ಏಳು ತಿಂಗಳು. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯ ರಕ್ತ ದಾನ ಕೊಡಬಹುದು ಅಂತ ಡಾಕ್ಟರ್ ಹೇಳಿದರು. ಮಗುವಿಗೆ ತೊಂದರೆ ಆಗುತ್ತಾ? ಅಷ್ಟು ಸ್ವಲ್ಪ ರಕ್ತದಿಂದ ಯಾರಿಗೆ ಏನು ಉಪಯೋಗ?

ಉತ್ತರ: ದಾನವಾಗಿ ಬಂದ ಬಳ್ಳಿರಕ್ತವನ್ನು ಪರೀಕ್ಷಿಸಿ ಶೇಖರಿಸಿಡುವ ಲ್ಯಾಬ್‌ನಲ್ಲಿ ನನ್ನ ಕೆಲಸ. ಹಾಗಾಗಿ ದಾನದ ಕಡೆ ಒಲವು ಜಾಸ್ತಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ನೋವಂತೂ ಇಲ್ಲ, ಮಗುವಿಗೂ ಇಲ್ಲ, ತಾಯಿಗೂ ಇಲ್ಲ. ಬಳ್ಳಿ ಕತ್ತರಿಸಿ ಮಗುವನ್ನು ಬೇರೆ ಮಾಡಿದ ಮೇಲೆ, ಬಳ್ಳಿ ಮತ್ತು ಮಾಸಿನಲ್ಲಿ ಉಳಿದ ರಕ್ತವನ್ನಷ್ಟೇ ತೆಗೆಯುವುದು. ಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ ಇರುತ್ತವೆ. ಆ ಅಭಿಧಮನಿಗೆ ಸೂಜಿ ಹಾಕಿ ಚೀಲವನ್ನು ಕೆಳಗೆ ಹಿಡಿದರೆ ರಕ್ತ ತಾನೇ ಇಳಿಯುತ್ತದೆ. ಕೆಲವೇ ನಿಮಿಷದ ಕೆಲಸ. ಇಲ್ಲದಿದ್ದರೆ ಆ ರಕ್ತ ಮಾಸಿನ ಜೊತೆ ಕಸಕ್ಕೆ ಹೋಗುತ್ತಿತ್ತು.

ಸಿಗುವುದು ಸಾಮಾನ್ಯವಾಗಿ 50ರಿಂದ 150 ಮಿಲಿಲೀಟರ್. ಆದರೆ ಅದರಲ್ಲಿ ರಕ್ತ ತಯಾರಿಸುವ ಸ್ಟೆಮ್ ಸೆಲ್‌ಗಳು ಇರುತ್ತವೆ. ದೊಡ್ಡವರಲ್ಲಿ ಇವು ಹೆಚ್ಚಾಗಿ ಮೂಳೆಯ ಮಜ್ಜೆಯಲ್ಲೇ ಇರುತ್ತವೆ. ಹುಟ್ಟುವ ಹೊತ್ತಿನಲ್ಲಿ ಮಾತ್ರ ರಕ್ತದಲ್ಲೂ ಧಾರಾಳವಾಗಿ ಓಡಾಡುತ್ತವೆ. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್), ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ), ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದಿರುವುದು, ಇಂಥ ಕಾಯಿಲೆಗಳಲ್ಲಿ ಕೆಟ್ಟ ಮಜ್ಜೆಯನ್ನು ಕೀಮೋ ಕೊಟ್ಟು ಖಾಲಿ ಮಾಡಿ ಹೊಸ ಸ್ಟೆಮ್ ಸೆಲ್ ಕೊಡುತ್ತಾರೆ. ಆಪರೇಷನ್ ಏನೂ ಇಲ್ಲ, ರಕ್ತ ಏರಿಸಿದ ಹಾಗೇ. ಸೆಲ್‌ಗಳು ತಾವೇ ಮಜ್ಜೆಗೆ ದಾರಿ ಹುಡುಕಿಕೊಳ್ಳುತ್ತವೆ.

ಇದು ಮೊದಲು ನಡೆದದ್ದು 1988ರಲ್ಲಿ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ. ಡಾ. ಎಲಿಯಾನ್ ಗ್ಲುಕ್‌ಮನ್ ಅವರ ತಂಡ ಫ್ಯಾನ್ಕೋನಿ ಅನೀಮಿಯಾ (ಮಜ್ಜೆ ಸೋತು ರಕ್ತ ತಯಾರಾಗದ ಆನುವಂಶಿಕ ಕಾಯಿಲೆ) ಇದ್ದ ಐದು ವರ್ಷದ ಹುಡುಗನಿಗೆ ಅವನ ತಂಗಿಯ ಬಳ್ಳಿರಕ್ತ ಕೊಟ್ಟಿತು. ಅದಕ್ಕೂ ಮೊದಲು, ಈ ರಕ್ತದಲ್ಲಿ ಸಾಕಷ್ಟು ಸ್ಟೆಮ್ ಸೆಲ್ ಇವೆ, ಫ್ರೀಜ್ ಮಾಡಿ ಕರಗಿಸಿದರೂ ಬದುಕುತ್ತವೆ ಅಂತ ತೋರಿಸಿದ್ದು ಅಮೆರಿಕದ ವಿಜ್ಞಾನಿ ಹಾಲ್ ಬ್ರಾಕ್ಸ್‌ಮೇಯರ್. ಆ ಹುಡುಗ ಗುಣವಾಗಿ ದೊಡ್ಡವನಾದ. ಇಂಥ ಚಿಕಿತ್ಸೆ ಪಡೆದವರ ರಕ್ತದಲ್ಲಿ ಕೊಟ್ಟವರ ಕ್ರೋಮೋಸೋಮ್‌ಗಳೇ ಇರುತ್ತವೆ. ಅಂದರೆ ತಂಗಿಯಿಂದ ಪಡೆದ ಅಣ್ಣನ ರಕ್ತ ಪರೀಕ್ಷಿಸಿದರೆ ಹುಡುಗಿಯ ರಕ್ತ ಅಂತ ಬರುತ್ತದೆ!

ಪ್ರಶ್ನೆ: ಬಳ್ಳಿರಕ್ತವನ್ನು ದುಡ್ಡಿಗೆ ಶೇಖರಿಸಿಡುವ ಖಾಸಗಿ ಬ್ಯಾಂಕಿನವರು, "ನಿಮ್ಮ ಮಗುವಿಗೇ ಇಟ್ಟುಕೊಳ್ಳಿ, ಜೀವನಪೂರ್ತಿ ವಿಮೆ ಇದ್ದ ಹಾಗೆ" ಅಂತಾರೆ. ಕೊಟ್ಟುಬಿಟ್ಟು ಆಮೇಲೆ ನಮಗೇ ಬೇಕಾದರೆ?

ಉತ್ತರ: ವಿಮೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಮಗುವಿಗೆ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದರೆ ಅದೇ ದೋಷ ಅದರ ಬಳ್ಳಿರಕ್ತದಲ್ಲೂ ಇರುತ್ತದೆ. ಅದನ್ನೇ ತಿರುಗಿ ಕೊಟ್ಟು ಏನು ಪ್ರಯೋಜನ? ಮಕ್ಕಳ ಲ್ಯುಕೇಮಿಯಾದಲ್ಲಿ ಎಷ್ಟೋ ಸಲ ಮೊದಲ ಜೀನ್ ಬದಲಾವಣೆ ಹುಟ್ಟುವ ಮೊದಲೇ ಆಗಿರುತ್ತದೆ. ಹುಟ್ಟಿದಾಗ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿಟ್ಟ ರಕ್ತದ ಹನಿಗಳನ್ನು ವರ್ಷಗಳ ನಂತರ ಪರೀಕ್ಷಿಸಿ ಇದನ್ನು ಕಂಡುಕೊಂಡಿದ್ದಾರೆ. ಜೊತೆಗೆ, ಬೇರೆಯವರ ಸೆಲ್ ಕೊಟ್ಟಾಗ ಅವು ಉಳಿದ ಕ್ಯಾನ್ಸರ್ ಸೆಲ್‌ಗಳ ಮೇಲೆ ದಾಳಿ ಮಾಡುತ್ತವೆ. ಸ್ವಂತ ಸೆಲ್‌ಗಳು ಹಾಗೆ ಮಾಡುವುದಿಲ್ಲ. ಲ್ಯುಕೇಮಿಯಾದಲ್ಲಿ ನಿಜಕ್ಕೂ ಬೇಕಾಗಿರುವುದು ಆ ಜಗಳವೇ.

ಆಟಿಸಂ, ಸೆರೆಬ್ರಲ್ ಪಾಲ್ಸಿಗೆ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಸ್ವಂತ ಬಳ್ಳಿರಕ್ತ ಕೆಲಸ ಮಾಡುತ್ತದೆ ಅನ್ನುವ ಜಾಹೀರಾತನ್ನೂ ನೀವು ನೋಡಿರುತ್ತೀರಿ. ಆಟಿಸಂ ಬಗ್ಗೆ ಡ್ಯೂಕ್ ವಿಶ್ವವಿದ್ಯಾಲಯದವರು ಸರಿಯಾದ ಪ್ರಯೋಗವನ್ನೇ ಮಾಡಿ 2020ರಲ್ಲಿ ಪ್ರಕಟಿಸಿದರು. ಒಟ್ಟಾರೆ ಮಕ್ಕಳಲ್ಲಿ, ಮುಖ್ಯವಾಗಿ ಅಳೆದ ವಿಷಯದಲ್ಲಿ, ಸುಧಾರಣೆ ಕಾಣಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದ್ದೂ ಇದೇ: ಖಾಸಗಿಯಾಗಿ ಇಡುವುದಕ್ಕಿಂತ ಎಲ್ಲರಿಗೂ ಸಿಗುವ ಸಾರ್ವಜನಿಕ ಬ್ಯಾಂಕಿಗೆ ಕೊಡುವುದೇ ಮೇಲು.

ಪ್ರಶ್ನೆ: ನನ್ನ ದೊಡ್ಡ ಮಗನಿಗೆ ಥಲಸ್ಸೀಮಿಯಾ ಇದೆ. ಈಗ ಮತ್ತೆ ಬಸುರಿ. ನಾನೂ ದಾನವನ್ನೇ ಕೊಡಬೇಕಾ?

ಉತ್ತರ: ಬೇಡ, ನಿಮ್ಮದು ಬೇರೆ ವಿಷಯ. ಒಂದೇ ತಂದೆತಾಯಿಯ ಇಬ್ಬರು ಮಕ್ಕಳ ಅಂಗಾಂಶದ ಗುರುತು, ಅಂದರೆ ಎಚ್‌ಎಲ್‌ಎ, ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೂಸಿಗೆ ಆ ಕಾಯಿಲೆ ಇಲ್ಲದೆ ಎಚ್‌ಎಲ್‌ಎ ಹೊಂದಿದರೆ ಅದರ ಬಳ್ಳಿರಕ್ತ ದೊಡ್ಡವನಿಗೆ ಚಿನ್ನ. ಹೀಗೆ ಒಂದು ಮಗುವಿಗಾಗಿಯೇ ತೆಗೆದಿಡುವ ವ್ಯವಸ್ಥೆ ಎಷ್ಟೋ ಸಾರ್ವಜನಿಕ ಬ್ಯಾಂಕುಗಳಲ್ಲೂ ಇದೆ. ಮಗನನ್ನು ನೋಡುವ ರಕ್ತರೋಗ ತಜ್ಞರ ಹತ್ತಿರ ಈಗಲೇ ಮಾತಾಡಿ.

ಪ್ರಶ್ನೆ: ಬಳ್ಳಿಯನ್ನು ತಕ್ಷಣ ಕತ್ತರಿಸಬಾರದು, ಮಗುವಿಗೆ ರಕ್ತ ಹೋಗಲು ಬಿಡಬೇಕು ಅಂತಾರಲ್ವಾ? ಹಾಗೆ ಮಾಡಿದರೆ ನಿಮಗೆ ಏನು ಉಳಿಯುತ್ತೆ?

ಉತ್ತರ: ಸರಿಯಾದ ಪ್ರಶ್ನೆ. ಕಡಿಮೆ ಉಳಿಯುತ್ತದೆ. ಕಾದಷ್ಟೂ ಮಾಸಿನ ರಕ್ತ ಮಗುವಿಗೆ ಹೋಗುತ್ತದೆ, ನಮ್ಮ ಚೀಲ ತೆಳುವಾಗುತ್ತದೆ. ಆದರೂ ಕಾಯಲೇಬೇಕು ಅನ್ನುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಒಂದು ನಿಮಿಷ ಬಿಡಿ ಅನ್ನುತ್ತದೆ. ಆ ರಕ್ತದಿಂದ ಮಗುವಿನ ಮೈಯಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ, ಮುಂದಿನ ತಿಂಗಳುಗಳಲ್ಲಿ ರಕ್ತಹೀನತೆ ಕಾಡುವುದು ಕಡಿಮೆ. ಅವಧಿಗೆ ಮುಂಚೆ ಹುಟ್ಟಿದ ಕೂಸಿಗಂತೂ ಇನ್ನೂ ಮುಖ್ಯ.

ಒಂದು ನಿಮಿಷ ಕಾದ ಮೇಲೂ ಸಾಕಷ್ಟು ಸಿಗುವ ಹೆರಿಗೆಗಳಿವೆ. ಸಿಗದಿದ್ದರೆ ಬೇಡ, ಅಷ್ಟೇ. ದಾನಕ್ಕಾಗಿ ಬೇಗ ಕತ್ತರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮಗುವಿನ ಪಾಲು ಕಿತ್ತುಕೊಂಡು ಕೊಡುವುದು ದಾನ ಅಲ್ಲ. ಹೆರಿಗೆಯ ಮೊದಲೇ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳಿಡಿ.

ಪ್ರಶ್ನೆ: ನನ್ನ ತಂಗಿ ಕೊಟ್ಟಿದ್ದಳು. "ಶೇಖರಿಸಲು ಆಗಲಿಲ್ಲ" ಅಂತ ಪತ್ರ ಬಂತು. ಮಗುವಿಗೆ ಏನಾದರೂ ಕಾಯಿಲೆ ಇದೆಯಾ ಅಂತ ಮನೆಯಲ್ಲಿ ಎಲ್ಲರಿಗೂ ಹೆದರಿಕೆ.

ಉತ್ತರ: ಹೆದರಬೇಡಿ. ಕಾಯಿಲೆ ಕಂಡಿದ್ದರೆ ಅದನ್ನು ಪ್ರತ್ಯೇಕವಾಗಿ ತಿಳಿಸುತ್ತಾರೆ. ಬಂದ ಚೀಲಗಳಲ್ಲಿ ಬಹುಪಾಲು ಫ್ರೀಜರ್‌ವರೆಗೆ ಹೋಗುವುದೇ ಇಲ್ಲ, ಮುಖ್ಯ ಕಾರಣ ಸೆಲ್‌ಗಳ ಎಣಿಕೆ.

ಲೆಕ್ಕ ನೋಡಿ. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 2.5 ಕೋಟಿಯಷ್ಟು ನ್ಯೂಕ್ಲಿಯಸ್ ಇರುವ ಸೆಲ್ ಬೇಕು ಅನ್ನುವುದು ಸಾಮಾನ್ಯ ಅಳತೆ. 20 ಕಿಲೋದ ಮಗುವಿಗೆ 50 ಕೋಟಿ. 60 ಕಿಲೋದವರಿಗೆ 150 ಕೋಟಿ. ನಿಮ್ಮ ತಂಗಿಯ ಚೀಲದಲ್ಲಿ 60 ಕೋಟಿ ಇತ್ತು ಅಂತಿಟ್ಟುಕೊಳ್ಳಿ. ಸಣ್ಣ ಮಗುವಿಗೆ ಸಾಕು. ಆದರೆ ಹುಡುಕುವ ಡಾಕ್ಟರ್‌ಗಳು ದೊಡ್ಡ ಚೀಲವನ್ನೇ ಆರಿಸುತ್ತಾರೆ, ಸಣ್ಣದು ಕೇಳುವವರಿಲ್ಲದೆ ಉಳಿಯುತ್ತದೆ. ಒಂದೊಂದು ಚೀಲದ ಪರೀಕ್ಷೆ, ಸಂಸ್ಕರಣೆ, ಶೇಖರಣೆಗೆ ಖರ್ಚು ಬಹಳ. ಅದಕ್ಕೇ ಬ್ಯಾಂಕುಗಳು ಮಿತಿಯನ್ನು ಮೇಲೆ ಇಟ್ಟಿರುತ್ತವೆ. ತಾಯಿ ಒಪ್ಪಿದ್ದರೆ ಅಂಥ ರಕ್ತ ಸಂಶೋಧನೆಗೆ ಹೋಗುತ್ತದೆ.

ಬೇರೆ ಕಾರಣಗಳೂ ಇರುತ್ತವೆ. ರಕ್ತ ಹೆಪ್ಪುಗಟ್ಟಿರಬಹುದು, ಬ್ಯಾಕ್ಟೀರಿಯಾ ಸೇರಿರಬಹುದು, ಲ್ಯಾಬ್‌ಗೆ ತಲುಪಲು ಎರಡು ದಿನಕ್ಕಿಂತ ಹೆಚ್ಚಾಗಿರಬಹುದು. ಇವೆಲ್ಲದರಲ್ಲೂ ಪಾಸಾಗಿ, ಸೆಲ್ ಎಣಿಕೆಯೂ ಸಾಕಷ್ಟಿರುವ ಚೀಲದಿಂದ ಕೆಂಪು ರಕ್ತಕಣ ಮತ್ತು ಪ್ಲಾಸ್ಮಾ ತೆಗೆದು, ಉಳಿದದ್ದಕ್ಕೆ ಡಿಎಂಎಸ್‌ಒ ಅನ್ನುವ ದ್ರವ ಸೇರಿಸುತ್ತೇವೆ. ಸೆಲ್ ಒಳಗೆ ಮಂಜಿನ ಹರಳು ಕಟ್ಟಿ ಅದು ಒಡೆಯದಿರಲಿ ಅಂತ. ನಂತರ ನಿಧಾನವಾಗಿ ತಣ್ಣಗೆ ಮಾಡಿ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡುತ್ತೇವೆ. 20 ವರ್ಷ ದಾಟಿದ ಚೀಲಗಳಲ್ಲೂ ಸೆಲ್‌ಗಳು ಚೆನ್ನಾಗಿವೆ ಅಂತ ಬ್ರಾಕ್ಸ್‌ಮೇಯರ್ ತಂಡವೇ 2011ರಲ್ಲಿ ತೋರಿಸಿತು. ಅಂದ ಹಾಗೆ, ಈ ಡಿಎಂಎಸ್‌ಒ ದೇಹಕ್ಕೆ ಹೋದ ಮೇಲೆ ರೋಗಿಯ ಉಸಿರಲ್ಲಿ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ. ವಾರ್ಡಿನವರಿಗೆಲ್ಲ ಅದು ಗೊತ್ತು.

ಪ್ರಶ್ನೆ: ಹಾಗಾದರೆ ದೊಡ್ಡವರಿಗೆ ಇದು ಆಗುವುದೇ ಇಲ್ವಾ? ನಮ್ಮ ತಂದೆಗೆ ಲ್ಯುಕೇಮಿಯಾ, ದಾನಿ ಸಿಗುತ್ತಿಲ್ಲ. ಈಗ ಎಚ್‌ಎಲ್‌ಎ ಅರ್ಧ ಹೊಂದಿದರೂ ಸಾಕು, ಮಕ್ಕಳೇ ಕೊಡಬಹುದು ಅಂತಾರೆ.

ಉತ್ತರ: ಆಗುತ್ತದೆ, ಕಷ್ಟಪಟ್ಟು. ಎರಡು ಬೇರೆ ಬೇರೆ ಮಕ್ಕಳ ಚೀಲಗಳನ್ನು ಒಟ್ಟಿಗೆ ಕೊಡುವುದುಂಟು. ಕೊನೆಗೆ ಹೆಚ್ಚಿನವರಲ್ಲಿ ಒಂದೇ ಗೆದ್ದು ಉಳಿಯುತ್ತದೆ. ಲ್ಯಾಬ್‌ನಲ್ಲಿ ಸೆಲ್‌ಗಳನ್ನು ಹೆಚ್ಚಿಸಿ ಕೊಡುವ ಒಮಿಡುಬಿಸೆಲ್ ಅನ್ನುವ ಚಿಕಿತ್ಸೆಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಬಳ್ಳಿರಕ್ತದ ದೊಡ್ಡ ಗುಣ ಅಂದರೆ ಹೊಂದಾಣಿಕೆಯಲ್ಲಿ ಸಡಿಲ. ಬಂಧುವಲ್ಲದ ವಯಸ್ಕ ದಾನಿಯಾದರೆ ಎಚ್‌ಎಲ್‌ಎ ಗುರುತು ಎಂಟಕ್ಕೆ ಎಂಟು ಹೊಂದಲಿ ಅಂತ ನೋಡುತ್ತಾರೆ. ಇಲ್ಲಿ ಆರಕ್ಕೆ ನಾಲ್ಕು ಹೊಂದಿದರೂ ಮುಂದುವರಿಯಬಹುದು. ಮಗುವಿನ ರೋಗನಿರೋಧಕ ಸೆಲ್‌ಗಳು ಇನ್ನೂ ಹೊಸಬು, ರೋಗಿಯ ಮೈಮೇಲೆ ಅಷ್ಟು ಬೇಗ ತಿರುಗಿಬೀಳುವುದಿಲ್ಲ. ಅದಕ್ಕೇ ಮಿಶ್ರ ಮೂಲದವರಿಗೆ, ದಾನಿಗಳ ಪಟ್ಟಿಯಲ್ಲಿ ತಮ್ಮ ಜನಾಂಗದವರು ಕಡಿಮೆ ಇರುವವರಿಗೆ ಇದು ಎಷ್ಟೋ ಸಲ ಉಳಿದ ದಾರಿ.

ದೋಷ ಅಂದರೆ ನಿಧಾನ. ಬೀಜ ಕಮ್ಮಿ ಬಿದ್ದ ಹೊಲದ ಹಾಗೆ, ಮಜ್ಜೆ ತುಂಬಿಕೊಳ್ಳಲು ಮೂರ್ನಾಲ್ಕು ವಾರ ಹಿಡಿಯುತ್ತದೆ. ಅಷ್ಟು ದಿನ ಸೋಂಕಿನ ಭಯ. ಅರ್ಧ ಹೊಂದಿದ ಮಗ, ಮಗಳಿಂದ ತೆಗೆದುಕೊಂಡರೆ ಸೆಲ್ ಧಾರಾಳ, ದಾನಿ ಮನೆಯಲ್ಲೇ ಇರುತ್ತಾರೆ. ಕಸಿ ಆದ ಮೇಲೆ ಸೈಕ್ಲೋಫಾಸ್ಫಮೈಡ್ ಅನ್ನುವ ಔಷಧ ಕೊಡುವ ಪದ್ಧತಿ ಬಂದ ಮೇಲೆ, ದಾನಿಯ ಸೆಲ್‌ಗಳು ರೋಗಿಯ ಮೈಮೇಲೆ ತಿರುಗಿಬೀಳುವ ಅಪಾಯ ತುಂಬ ಇಳಿದಿದೆ. ಹೀಗಾಗಿ ಬಳ್ಳಿರಕ್ತ ಕೇಳುವ ಆಸ್ಪತ್ರೆಗಳು ಕಡಿಮೆಯಾಗಿವೆ, ನಮ್ಮ ಬ್ಯಾಂಕುಗಳಿಗೆ ಅದು ಕಷ್ಟವೇ. ಆದರೂ ನಿಮ್ಮ ತಂದೆಯ ವಿಷಯದಲ್ಲಿ ಡಾಕ್ಟರ್ ಮಕ್ಕಳದ್ದೇ ಮೊದಲು ನೋಡೋಣ ಅಂದರೆ ಅದು ಒಳ್ಳೆಯ ಸಲಹೆ. ದಾನದ ಪರ ಇರುವ ನಾನೇ ಹೇಳುತ್ತಿದ್ದೇನೆ.

ಪ್ರಶ್ನೆ (ಮೊದಲು ಕೇಳಿದವರು): ದಾನ ಕೊಡುವುದು ಅಂತ ನಿರ್ಧಾರ ಮಾಡಿದೆ. ಯಾವಾಗ ಹೇಳಬೇಕು? ಫಾರ್ಮ್‌ನಲ್ಲಿ ಮನೆಯವರ ಕಾಯಿಲೆಗಳನ್ನೆಲ್ಲ ಏಕೆ ಕೇಳುತ್ತಾರೆ?

ಉತ್ತರ: ಈಗಲೇ ಹೇಳಿ. ಎಲ್ಲ ಆಸ್ಪತ್ರೆಗಳಲ್ಲೂ ಸಂಗ್ರಹಿಸುವ ವ್ಯವಸ್ಥೆ ಇರುವುದಿಲ್ಲ, ಮೊದಲು ಅದನ್ನು ವಿಚಾರಿಸಿ. ಎಂಟನೇ ತಿಂಗಳು ಮುಗಿಯುವ ಮೊದಲೇ ಹೆಸರು ಬರೆಸಿ ಅಂತ ಬ್ಯಾಂಕುಗಳು ಕೇಳುವುದು ಹೆಚ್ಚು. ಅವಳಿ ಮಕ್ಕಳಾದರೆ, ಹೆರಿಗೆ ಹೊತ್ತಿಗೆ ಜ್ವರ ಬಂದರೆ, ಅವಧಿಗೆ ತುಂಬ ಮುಂಚೆ ಹೆರಿಗೆಯಾದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಸ್ಟೆಮ್ ಸೆಲ್ ಜೊತೆ ಮಗುವಿನ ಜೀನ್‌ಗಳೂ ರೋಗಿಗೆ ಹೋಗುತ್ತವೆ, ಅದಕ್ಕೇ ಕುಟುಂಬದ ರಕ್ತದ ಕಾಯಿಲೆಗಳ ವಿಚಾರಣೆ. ನಿಮ್ಮ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್‌ಗೆ ಪರೀಕ್ಷಿಸುತ್ತಾರೆ. ಯಾವುದಾದರೂ ಪಾಸಿಟಿವ್ ಬಂದರೆ ನಿಮಗೆ ತಿಳಿಸುತ್ತಾರೆ. ಇದಕ್ಕೆ ಒಪ್ಪಿಗೆ ಇದೆಯಾ ಅಂತ ಯೋಚಿಸಿಯೇ ಸಹಿ ಮಾಡಿ.

ಯಾರಿಗೆ ಹೋಯಿತು ಅಂತ ನಿಮಗೆ ಗೊತ್ತಾಗುವುದಿಲ್ಲ, ಯಾರು ಕೊಟ್ಟರು ಅಂತ ಅವರಿಗೂ ಗೊತ್ತಾಗುವುದಿಲ್ಲ. ಕೊಟ್ಟ ಮೇಲೆ ಚೀಲದ ಮೇಲೆ ನಿಮಗೆ ಹಕ್ಕಿಲ್ಲ. ಮುಂದೆ ನಿಮ್ಮ ಮನೆಯಲ್ಲೇ ಬೇಕಾಗಿ, ಅದು ಇನ್ನೂ ಅಲ್ಲೇ ಇದ್ದರೆ ಕೇಳಿ ನೋಡಬಹುದು. ಖರ್ಚನ್ನು ಸಾರ್ವಜನಿಕ ಬ್ಯಾಂಕೇ ನೋಡಿಕೊಳ್ಳುತ್ತದೆ. ದಾನಕ್ಕೆ ಅಂತ ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಸಾರ್ವಜನಿಕ ಬ್ಯಾಂಕ್ ಹೌದೋ ಅಲ್ಲವೋ ಅಂತ ಇನ್ನೊಮ್ಮೆ ವಿಚಾರಿಸಿ.